ನೆರಿ-ಇರೊ ಹಾಕಿದರೆ ವೆಬ್‌ಸೈಟ್ ಮಾಸಿದ ಹಾಗೆ ಕಾಣುತ್ತಿದೆ, ಬಣ್ಣ ಬದಲಿಸಲಾ?

ಪ್ರಶ್ನೆ: ನಮಸ್ಕಾರ ಮೇಡಂ. ಜಪಾನಿನ ಗ್ರೀನ್ ಟೀ ಮಾರುವ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಹಿನ್ನೆಲೆಗೆ ಅಲ್ಲಿನ ಹಳೆಯ ಬಣ್ಣ ನೆರಿ-ಇರೊ ಹಾಕಿದ್ದೇನೆ (ಆರ್‌ಜಿಬಿ, ಅಂದರೆ ಕೆಂಪು-ಹಸಿರು-ನೀಲಿ ಅಳತೆಯಲ್ಲಿ 237, 228, 205). ಮೇಲೆ ಬಿಳಿ ಕಾರ್ಡ್ (ಮಾಹಿತಿ ಇಡುವ ಚೌಕ). ಕಾರ್ಡ್ ಆಚೆಯ ಅಕ್ಷರವೆಲ್ಲ ಬೂದು (150, 150, 150). ಅಂಗಡಿಯವರು ನೋಡಿ "ಗೋಡೆಗೆ ಹೊಗೆ ಹಿಡಿದ ಹಾಗಿದೆ" ಅಂದರು. ಬೇರೆ ಬಣ್ಣ ಹುಡುಕಲಾ?

ಉತ್ತರ: ಬೇಡ. ಬಿಳಿ ಕಾರ್ಡ್ ತೆಗೆಯಿರಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನೆರಿ-ಇರೊ ಅಂದರೆ ರೇಷ್ಮೆ ನೂಲಿನ ಅಂಟು ತೆಗೆದ ಮೇಲೆ ಉಳಿಯುವ ಬಣ್ಣ. ಬಿಳಿಯೇ, ಆದರೆ ತುಸು ಹಳದಿ. ಪಕ್ಕದಲ್ಲಿ ಅಚ್ಚ ಬಿಳಿ ಇಲ್ಲದಿದ್ದರೆ ಕಣ್ಣು ಅದನ್ನೇ ಬಿಳಿ ಅಂತ ಒಪ್ಪಿಕೊಳ್ಳುತ್ತದೆ. ಇದ್ದರೆ ಹಳದಿಯಷ್ಟೇ ಎದ್ದು ಕಾಣುತ್ತದೆ. ಮೇಲಾಗಿ ಎರಡರ ನಡುವಿನ ಕಾಂಟ್ರಾಸ್ಟ್ (ತಿಳಿ-ಗಾಢ ವ್ಯತ್ಯಾಸದ ಅನುಪಾತ, 1 ಅಂದರೆ ವ್ಯತ್ಯಾಸವೇ ಇಲ್ಲ) ಬರೀ 1.27. ಕಾರ್ಡಿನ ಅಂಚೂ ಸರಿಯಾಗಿ ಕಾಣುವುದಿಲ್ಲ, ಅಲ್ವಾ?

ಅದಲು ಬದಲು ಮಾಡಿ ನೋಡಿ. ಇಡೀ ಪುಟಕ್ಕೆ ಕಿನಾರಿ-ಇರೊ (251, 250, 245). ಬ್ಲೀಚ್ ಮಾಡದ ಬಟ್ಟೆಯ ಬಣ್ಣ ಅದು, ನಮ್ಮ ಕೋರಾ ಬಟ್ಟೆಯ ಥರ. ನೆರಿ-ಇರೊವನ್ನು ಕಾರ್ಡಿಗೆ, ಪಟ್ಟಿಗೆ ಇಟ್ಟುಕೊಳ್ಳಿ. ದೊಡ್ಡ ಜಾಗದಲ್ಲಿ ಬಣ್ಣ ಜಾಸ್ತಿ ಎದ್ದು ಕಾಣುತ್ತದೆ.

ಆ ಬೂದು ಕೂಡ ಬೇಡ. ಹಳದಿ ನೆಲದ ಮೇಲೆ ಅದು ನೀಲಿಗೆ ತಿರುಗಿದಂತೆ ಕಾಣುತ್ತದೆ. ಕಾಂಟ್ರಾಸ್ಟ್ ಕೂಡ 2.3 ಮಾತ್ರ, ಸಣ್ಣ ಅಕ್ಷರಕ್ಕೆ 4.5 ಬೇಕು. ಸುಮಿ ಅನ್ನುವ ಜಪಾನಿನ ಕಪ್ಪು ಶಾಯಿಯ ಬಣ್ಣ (89, 88, 87) ಅಥವಾ ಆಯ್-ಇರೊ ಅನ್ನುವ ನೀಲಿ (22, 94, 131) ಬಳಸಿ. ನೆರಿ-ಇರೊ ಮೇಲೆ ಎರಡೂ 5.5ರ ಆಸುಪಾಸು ಬರುತ್ತವೆ.

ಪ್ರಶ್ನೆ: ಟೀ ಅಂಗಡಿ ಅಲ್ವಾ ಮೇಡಂ, ಬೆಲೆಯನ್ನು ಮಚ್ಚಾ (ಗ್ರೀನ್ ಟೀ ಪುಡಿ) ಹಸಿರಲ್ಲಿ ಬರೆಯಬೇಕಂತೆ. ಫೋಟೊಗಳೆಲ್ಲ ಬಿಳಿ ಹಿನ್ನೆಲೆಯಲ್ಲಿ ತೆಗೆದವು.

ಉತ್ತರ: ಮಚ್ಚಾ ಹಸಿರು (197, 197, 106) ಇಲ್ಲಿ ಅಕ್ಷರಕ್ಕೆ ಆಗುವುದೇ ಇಲ್ಲ, ಕಾಂಟ್ರಾಸ್ಟ್ 1.4 ಬರುತ್ತದೆ. ಗಿರಾಕಿಗೆ ಬೆಲೆ ಕಾಣಬೇಕಲ್ಲ! ಒಂದು ಗೆರೆ, ಒಂದು ಚುಕ್ಕೆ, ಅಷ್ಟಕ್ಕೆ ಚೆನ್ನಾಗಿದೆ. ಫೋಟೊಗಳಿಗೆ ಮಲ್ಟಿಪ್ಲೈ ಬ್ಲೆಂಡ್ ಹಾಕಿ. ಬಿಳಿ ಚೌಕ ಹಿಂದಿನ ಬಣ್ಣದಲ್ಲಿ ಸೇರಿಹೋಗುತ್ತದೆ. ಬಿಳಿ ಪಿಂಗಾಣಿ ಬಟ್ಟಲಿದ್ದರೆ ಮಾತ್ರ ಅದಕ್ಕೂ ಹಳದಿ ಹತ್ತುತ್ತದೆ. ಅಂಥ ಫೋಟೊಗಳ ಹಿನ್ನೆಲೆಯನ್ನು ಕತ್ತರಿಸಿ ತೆಗೆಯಬೇಕು.

ಇನ್ನೊಬ್ಬರ ಪ್ರಶ್ನೆ: ನಡುವೆ ಬಂದೆ, ಕ್ಷಮಿಸಿ. ಪ್ಯಾಕೆಟ್ ಲೇಬಲ್‌ಗೆ ಇದೇ ಬಣ್ಣ ಪ್ರಿಂಟ್ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ನಾನು ಮಾಡಿಸುವುದಿಲ್ಲ. ಇಷ್ಟು ತಿಳಿ ಬಣ್ಣ ಆಫ್‌ಸೆಟ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಆ ಬಣ್ಣದ್ದೇ ಆದ, ಕೋಟಿಂಗ್ ಇಲ್ಲದ ಕಾಗದ ತಂದು ಅಕ್ಷರ ಮಾತ್ರ ಪ್ರಿಂಟ್ ಮಾಡಿಸಿ. ಕಾಗದದ ಸ್ಯಾಂಪಲ್ ತರಿಸಿಕೊಂಡು ಹಗಲು ಬೆಳಕಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಬೇಡ.