ಸಹಾಯ ಬೇಕು: ಮಳೆಗಾಲದಲ್ಲಿ ಆನ್‌ಲೈನ್ ಕೋರ್ಸ್, ಮುಂದುವರಿಸೋದಾ ಬಿಡೋದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ನಿಟ್ಟೂರು ಕಡೆ. ಬಿಎಸ್ಸಿ ಮುಗಿಸಿ ಮನೆಯಲ್ಲೇ ಇದ್ದೀನಿ. ಐಐಟಿಗಳು ಸೇರಿ ನಡೆಸೋ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸ್‌ಗೆ ಸೇರಿದ್ದೀನಿ. ಐಐಟಿ ಮೇಷ್ಟ್ರ ಪಾಠ ಫೀಸಿಲ್ಲದೆ ನಮ್ಮನೆ ಜಗಲಿಗೇ ಬರುತ್ತೆ, ಅರ್ಥ ಆಗದಿದ್ದರೆ ಹತ್ತು ಸಲ ಹಿಂದೆ ಹಾಕಿ ನೋಡಬಹುದು. ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಕಲಿಯೋ ಶಕ್ತಿ ನಮಗಿಲ್ಲ, ಹಾಗಾಗಿ ಇದನ್ನು ಬಿಡೋಕೆ ಮನಸ್ಸೇ ಬರ್ತಿಲ್ಲ.

ಆದರೆ ಪುಷ್ಯ ಮಳೆ ಹಿಡಿದಾಗಿನಿಂದ ಕರೆಂಟ್ ಹೋದರೆ ಎರಡು ದಿನ ಬರಲ್ಲ, ಜೊತೆಗೆ ಟವರೂ ಹೋಗುತ್ತೆ. ಸಿಗ್ನಲ್ ಇದ್ದ ದಿನ ವಿಡಿಯೊ ಡೌನ್‌ಲೋಡ್ ಮಾಡಿಟ್ಟುಕೊಂಡೆ, ಪಾಠ ತಪ್ಪಲಿಲ್ಲ. ಅಸೈನ್‌ಮೆಂಟ್ ಮಾತ್ರ ಗಡುವಿನೊಳಗೆ ಆನ್‌ಲೈನಲ್ಲೇ ಹಾಕಬೇಕಲ್ಲ. ಕೊಡೆ ಹಿಡಿದು ಗುಡ್ಡ ಹತ್ತಿ ನೋಡಿದೆ, ಪೇಜ್ ತೆರೆಯಲೇ ಇಲ್ಲ. 3 ವಾರದ್ದು ಹೋಯ್ತು. ಡೌಟ್ ಕೇಳೋಕೂ ಪಕ್ಕದಲ್ಲಿ ಯಾರೂ ಇಲ್ಲ, ಅದೇ ಹೆಚ್ಚು ಬೇಜಾರು.

12ರಲ್ಲಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕ. ಅದರಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬಂದರೆ ಸರ್ಟಿಫಿಕೇಟ್. ಪರೀಕ್ಷೆ ಶುಲ್ಕ 1000 ರೂಪಾಯಿ, ಅಪ್ಪನ ಹತ್ತಿರ ಕೇಳಿ ಆಮೇಲೆ ದಂಡ ಆಗಬಾರದು.

ಮಲೆನಾಡಲ್ಲಿ ಇದ್ದುಕೊಂಡೇ ಜುಲೈ ಬ್ಯಾಚ್ ಮುಗಿಸಿದವರು ಇದ್ದೀರಾ? ಅಸೈನ್‌ಮೆಂಟ್ ಹೇಗೆ ಹಾಕಿದ್ರಿ? ಈಗ ದುಡ್ಡು ಕಟ್ಟಿ ಮುಂದುವರಿಸಲಾ, ಇಲ್ಲ ಜನವರಿ ಬ್ಯಾಚ್‌ಗೆ ಕಾಯಲಾ?