ಇನ್-ಇಯರ್ ಇಯರ್‌ಫೋನ್‌ಗೆ ಪೋರ್ಟಬಲ್ ಆಂಪ್: ಪವರ್ ಜಾಸ್ತಿ ಇರುವುದೇ ಬೇಕಾ?

ಕಾಪು_ಎಕ್ಸ್‌ಪ್ರೆಸ್

ಎಲ್ಲರಿಗೂ ನಮಸ್ಕಾರ. ಉಡುಪಿ, ಮಂಗಳೂರು ಕಡೆಯವರು ಯಾರಾದರೂ ಉತ್ತರ ಕೊಟ್ಟರೆ ಒಳ್ಳೆಯದು. ನನ್ನ ಕಷ್ಟ ಅರ್ಥ ಆಗಬೇಕಾದರೆ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು ಗೊತ್ತಿರಬೇಕು.

ಕೆಲಸಕ್ಕೆ ದಿನಾ ಕಾಪುವಿನಿಂದ ಮಂಗಳೂರಿಗೆ ಹೋಗಿ ಬರುತ್ತೇನೆ. ದಾರಿಯಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುವುದು ಅಭ್ಯಾಸ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲಂತೂ ಅದೇ ಗತಿ. ಸ್ವಲ್ಪ ಕ್ಯಾಸೆಟ್ ಕಾಲದ್ದು, ಕಂಪ್ಯೂಟರ್‌ಗೆ ಹಾಕಿಟ್ಟದ್ದು. ಉಳಿದದ್ದು ಈಚಿನ ರೆಕಾರ್ಡಿಂಗ್.

ಫೋನಿನಲ್ಲಿ ಇಯರ್‌ಫೋನ್ ಜ್ಯಾಕ್ ಇಲ್ಲ. ಹೆಸರೂ ಇಲ್ಲದ ಒಂದು ಟೈಪ್-ಸಿ ಡಾಂಗಲ್ (ಒಳಗೆ ಸಣ್ಣ ಆಂಪ್ ಇರುವ ವಯರ್ ತುಂಡು) ಸಿಕ್ಕಿಸಿಕೊಂಡಿದ್ದೇನೆ. ಇಯರ್‌ಫೋನ್ ಮಾತ್ರ ಒಳ್ಳೆಯದು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗನೊಬ್ಬನಿಂದ ಸೆಕೆಂಡ್‌ಹ್ಯಾಂಡ್ ತಗೊಂಡದ್ದು. ಒಳಗೆ ಒಂದೊಂದು ಕಿವಿಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಜಾತಿಯ ನಾಲ್ಕು ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಭಾಗ). ಡಬ್ಬದ ಮೇಲೆ 12 ಓಮ್ (ಕರೆಂಟಿಗೆ ಒಡ್ಡುವ ತಡೆ), 1 ಮಿಲಿವಾಟ್‌ಗೆ 110 ಡೆಸಿಬಲ್ ಎಂದು ಇದೆ.

ತೊಂದರೆ ಏನೆಂದರೆ, ಅರ್ಥಧಾರಿ, ಅಂದರೆ ಪಾತ್ರದ ಮಾತು (ಅರ್ಥ) ಹೇಳುವವರು, ಮಾತು ನಿಲ್ಲಿಸಿ ಉಸಿರು ತೆಗೆಯುವಾಗ ಹಿಂದಿನಿಂದ ‘ಸ್ಸ್ಸ್’ ಅಂತ ಒಂದು ಸದ್ದು. ರಾತ್ರಿ ಮನೆಯಲ್ಲಿ ಕೇಳಿದರೆ ಚೆನ್ನಾಗಿ ಗೊತ್ತಾಗುತ್ತದೆ. ಬಸ್ಸಿನಲ್ಲಿ ಇದಕ್ಕೆ ಉಲ್ಟಾ, ವಾಲ್ಯೂಮೇ ಸಾಕಾಗುವುದಿಲ್ಲ. ಚೆಂಡೆ ಕೇಳುತ್ತದೆ, ಭಾಗವತರು ಕೇಳುತ್ತಾರೆ. ವಾಲಿ ರಾಮನ ಹತ್ತಿರ ತಗ್ಗಿದ ದನಿಯಲ್ಲಿ ಪ್ರಶ್ನೆ ಕೇಳುವಾಗ ಸರಿಯಾಗಿ ಹಾರ್ನ್ ಹೊಡೆಯುತ್ತದೆ, ಇಲ್ಲದಿದ್ದರೆ ಕಂಡಕ್ಟರ್ ‘ರೈಟ್ ಪೋಯಿ’ ಎಂದು ಬೊಬ್ಬೆ ಹಾಕುತ್ತಾನೆ.

ಅಂಗಡಿಯಲ್ಲಿ ಕೇಳಿದೆ. “ಸಾವಿರ ಮಿಲಿವಾಟ್‌ನ ಆಂಪ್ ಉಂಟು, ಹಾಕಿದರೆ ಎರಡೂ ಸರಿಯಾಗುತ್ತದೆ” ಎಂದರು. ಬೆಲೆ ನನ್ನ ಇಯರ್‌ಫೋನ್‌ಗಿಂತ ಜಾಸ್ತಿ. ತಗೊಳ್ಳಬಹುದಾ?

ಬಾಸ್_ಬೊಬ್ಬೆ

ಕಣ್ಣು ಮುಚ್ಚಿ ತಗೊಳ್ಳಿ. ಪವರ್ ಇದ್ದರೆ ಬಾಸ್ ಗಟ್ಟಿ ಬರುತ್ತದೆ, ಸ್ವರ ಅರಳುತ್ತದೆ. ಎಡಕ್ಕೂ ಬಲಕ್ಕೂ ಪೂರ್ತಿ ಬೇರೆ ಬೇರೆ ವಯರ್ ಹೋಗುವ 4.4 ಎಂಎಂ ಬ್ಯಾಲೆನ್ಸ್ಡ್ ಔಟ್ ಇರುವುದನ್ನೇ ನೋಡಿ. ಒಮ್ಮೆ ಬ್ಯಾಲೆನ್ಸ್ಡ್ ಕೇಳಿದವರು ಮತ್ತೆ ಮಾಮೂಲಿ 3.5 ಎಂಎಂ ಪ್ಲಗ್‌ಗೆ ವಾಪಸ್ ಹೋಗುವುದಿಲ್ಲ. ಕೇಬಲ್ ಬದಲಿಸಲು ಬೇರೆ ಖರ್ಚು ಇದೆ, ಅದಕ್ಕೂ ತಯಾರಿರಿ.

ಮೈಕ್‌ಸೆಟ್_ಸುರತ್ಕಲ್

ಬೇಡ ಮಾರಾಯ್ರೆ, ದುಡ್ಡು ಕಿಸೆಯಲ್ಲೇ ಇರಲಿ. ನನ್ನದು ಮೈಕ್‌ಸೆಟ್ ಉದ್ಯೋಗ. ಯಕ್ಷಗಾನದ ಆಟ, ಮದುವೆ, ಬ್ರಹ್ಮಕಲಶ ಎಲ್ಲದಕ್ಕೂ ಹೋಗುತ್ತೇನೆ. ಎಲ್ಲಿಗೆ ಎಷ್ಟು ಪವರ್ ಬೇಕು ಎಂದು ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು.

ಉತ್ತರ ನಿಮ್ಮ ಡಬ್ಬದ ಮೇಲೆಯೇ ಉಂಟು. 1 ಮಿಲಿವಾಟ್‌ಗೆ 110 ಡೆಸಿಬಲ್. ಅದು ಕಿವಿ ಹಾಳು ಮಾಡುವ ಮಟ್ಟ. 10 ಡೆಸಿಬಲ್ ಇಳಿದಾಗಲೆಲ್ಲ ಪವರ್ ಹತ್ತರಲ್ಲಿ ಒಂದು ಪಾಲಾಗುತ್ತದೆ. ಹಾಗೆ ಇಳಿಯುತ್ತಾ ಬಂದರೆ 80 ಡೆಸಿಬಲ್‌ಗೆ ಬೇಕಾದದ್ದು ಒಂದು ಮಿಲಿವಾಟ್‌ನ ಸಾವಿರದಲ್ಲಿ ಒಂದು ಪಾಲು. ನಿಮ್ಮ 12 ಓಮ್‌ಗೆ ಅದು ಸುಮಾರು 3.5 ಮಿಲಿವೋಲ್ಟ್. ಚೆಂಡೆಯ ಪೆಟ್ಟು ಅದಕ್ಕಿಂತ 20 ಡೆಸಿಬಲ್ ಮೇಲೆ ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ಆಗಲೂ 0.1 ಮಿಲಿವಾಟ್ ಸಾಕು. ಇದಕ್ಕೆ ಸಾವಿರ ಮಿಲಿವಾಟ್ ಎಂದರೆ ತುಳಸಿಕಟ್ಟೆಗೆ ನೀರು ಹಾಕಲು ತೋಟದ ಪಂಪ್‌ಸೆಟ್ ತಂದ ಹಾಗೆ.

ಸುಮ್ನೆ ದಂಡ ಮಾತ್ರ ಅಲ್ಲ, ತೊಂದರೆಯೂ ಉಂಟು. ಪ್ರತಿ ಆಂಪ್‌ಗೂ ಅದರದ್ದೇ ಒಂದು ಸಣ್ಣ ಸದ್ದು ಇರುತ್ತದೆ. ಗೇನ್ (ಆಂಪ್ ಸಿಗ್ನಲನ್ನು ಎಷ್ಟು ಪಟ್ಟು ಏರಿಸುತ್ತದೆ ಎಂಬುದು) ಜಾಸ್ತಿ ಮಾಡಿದಷ್ಟೂ ಆ ಸದ್ದು ಏರುತ್ತದೆ. 300 ಓಮ್‌ನ ದೊಡ್ಡ ಹೆಡ್‌ಫೋನ್ ಹಾಕಿದವನಿಗೆ ಅದು ಕೇಳಿಸುವುದೇ ಇಲ್ಲ. ನಿಮ್ಮದರಂಥ ಸೂಕ್ಷ್ಮ ಇಯರ್‌ಫೋನ್ ಅದನ್ನು ಎತ್ತಿ ತೋರಿಸುತ್ತದೆ. ಇನ್ನೊಂದು, ದೊಡ್ಡ ಆಂಪ್‌ನ ವಾಲ್ಯೂಮ್ ತಿರುಗಣೆಯನ್ನು ನೀವು ಒಂದು ಕೂದಲಿನಷ್ಟು ತಿರುಗಿಸಿದರೆ ಕಿವಿ ತುಂಬಿಬಿಡುತ್ತದೆ. ಹಳೆ ನಮೂನೆಯ ತಿರುಗಣೆಗಳಲ್ಲಿ ಆ ಕೆಳಗಿನ ಜಾಗದಲ್ಲಿಯೇ ಎಡ ಬಲ ಸರಿಸಮ ಇರುವುದಿಲ್ಲ. ಒಂದು ಕಿವಿಗೆ ಜೋರು, ಇನ್ನೊಂದಕ್ಕೆ ಮೆಲ್ಲ. ನೀವು ಕೇಳುವುದೆಲ್ಲ ಆ ಜಾಗದಲ್ಲಿಯೇ.

ಈಗ ಅಂಗಡಿಯವರು ಹೇಳದ ಸಂಖ್ಯೆ: ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್ ತನ್ನ ಕಡೆಯಿಂದ ಸೇರಿಸುವ ತಡೆ, ಅದೂ ಓಮ್‌ನಲ್ಲೇ. ಇನ್-ಇಯರ್‌ಗೆ ನಾನು ನೋಡುವುದು ಮೊದಲು ಇದನ್ನೇ. ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್‌ಗಳ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಒಂದು ಕಡೆ 12 ಇದ್ದರೆ ಇನ್ನೊಂದು ಕಡೆ 40 ಇರಬಹುದು. ಆಂಪ್ ಕಡೆಯಿಂದ 10 ಓಮ್ ಬಂದರೆ ಈ ಎರಡು ಜಾಗಗಳ ನಡುವೆ 3 ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಆಗುತ್ತದೆ. ಅಂದರೆ ಇಯರ್‌ಫೋನ್ ಮಾಡಿದವನು ಕೊಟ್ಟ ಸ್ವರವೇ ಬದಲು. ಆಂಪ್ 1 ಓಮ್ ಇದ್ದರೆ ವ್ಯತ್ಯಾಸ ಅರ್ಧ ಡೆಸಿಬಲ್, ಯಾರಿಗೂ ಗೊತ್ತಾಗುವುದಿಲ್ಲ. ಆಂಪ್‌ನ ಓಮ್ ಇಯರ್‌ಫೋನ್‌ನ ಓಮ್‌ನ ಎಂಟರಲ್ಲಿ ಒಂದು ಪಾಲಿನೊಳಗೆ ಎಂಬ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ 12 ಓಮ್‌ಗೆ ಆಂಪ್ 1.5 ಓಮ್ ದಾಟಬಾರದು. ಸಣ್ಣ ಸ್ಪೀಕರ್ ನಮೂನೆಯ ಒಂದೇ ಡೈನಾಮಿಕ್ ಡ್ರೈವರ್ ಇರುವ ಇಯರ್‌ಫೋನ್‌ಗೆ ಇಷ್ಟು ಮಂಡೆ ಬಿಸಿ ಬೇಡ, ಅದರ ಓಮ್ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ.

ಬಾಸ್ ಅವರೇ, ಬ್ಯಾಲೆನ್ಸ್ಡ್ ಔಟ್‌ನಲ್ಲಿ ಒಂದೊಂದು ಕಿವಿಗೆ ಎರಡೆರಡು ಆಂಪ್ ಸೇರಿ ಕೆಲಸ ಮಾಡುತ್ತವೆ. ಪವರ್ ಏರುತ್ತದೆ, ಒಪ್ಪಿದೆ. ಔಟ್‌ಪುಟ್ ಇಂಪೀಡೆನ್ಸ್ ಕೂಡ ದುಪ್ಪಟ್ಟಾಗುತ್ತದೆ, ಸದ್ದೂ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ. ಇವರಿಗೆ ಬೇಕಾದದ್ದು ಅದರ ಉಲ್ಟಾ ಅಲ್ವಾ?

ಖರೀದಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಆ ‘ಸ್ಸ್ಸ್’ ಎಲ್ಲಿಂದ ಬರುತ್ತದೆ ನೋಡಿ. ರೆಕಾರ್ಡಿಂಗ್ ನಿಲ್ಲಿಸಿ ಕೇಳಬೇಡಿ, ನಿಲ್ಲಿಸಿದರೆ ಎಷ್ಟೋ ಡಾಂಗಲ್‌ಗಳು ತಾವೇ ಬಾಯಿ ಮುಚ್ಚುತ್ತವೆ. ಓಡುತ್ತಿರುವಾಗಲೇ ವಾಲ್ಯೂಮ್ ತುಂಬಾ ಕೆಳಗೆ ತನ್ನಿ. ಮಾತಿನ ಜೊತೆ ಸದ್ದೂ ಇಳಿದರೆ ಅದು ರೆಕಾರ್ಡಿಂಗ್‌ನದ್ದು. ಮಾತು ಇಳಿದು ಸದ್ದು ಅಷ್ಟೇ ಉಳಿದರೆ ಡಾಂಗಲ್‌ನದ್ದು.

ಕಾಪು_ಎಕ್ಸ್‌ಪ್ರೆಸ್

ಮಾಡಿ ನೋಡಿದೆ. ಕ್ಯಾಸೆಟ್‌ನದ್ದರಲ್ಲಿ ಸದ್ದು ಮಾತಿನ ಜೊತೆಗೇ ಇಳಿಯುತ್ತದೆ. ಹೊಸ ರೆಕಾರ್ಡಿಂಗ್‌ಗಳಲ್ಲಿ ಮಾತು ಕೇಳದಷ್ಟು ಇಳಿಸಿದರೂ ‘ಸ್ಸ್ಸ್’ ಹಾಗೆಯೇ ಇದೆ. ನೀವು ಹೇಳಿದ ಹಾಗೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪಟ್ ಎಂದು ಬಂದ್ ಆಗುತ್ತದೆ. ಅಂದರೆ ಡಾಂಗಲ್ ಬದಲಿಸಬೇಕು. ಆದರೆ ಪವರ್ ಇಷ್ಟು ಸಾಕಾದರೆ ಬಸ್ಸಿನಲ್ಲಿ ಯಾಕೆ ಕೇಳುವುದಿಲ್ಲ? ವಾಲ್ಯೂಮ್ ಮುಕ್ಕಾಲಿನ ಮೇಲೆ ಇಡುತ್ತೇನೆ.

ಮೈಕ್‌ಸೆಟ್_ಸುರತ್ಕಲ್

ಮುಕ್ಕಾಲಾ? ಈ ಇಯರ್‌ಫೋನ್‌ನಲ್ಲಿ ಮುಕ್ಕಾಲು ಇಡುತ್ತೀರಿ ಎಂದರೆ ಟಿಪ್ಸ್ ಸರಿಯಾಗಿ ಕೂತಿಲ್ಲ. ಅದರ ರಬ್ಬರ್ ತುದಿ ಕಿವಿಯನ್ನು ಪೂರ್ತಿ ಮುಚ್ಚಬೇಕು. ಸ್ವಲ್ಪ ಸಂದು ಉಳಿದರೂ ಬಾಸ್ ಸೋರಿ ಹೋಗುತ್ತದೆ, ಬಸ್ಸಿನ ಎಂಜಿನ್ ಸದ್ದು ಒಳಗೆ ಬರುತ್ತದೆ. ಫೋಮ್ ಟಿಪ್ಸ್ ತರಿಸಿ. ಬೆರಳಲ್ಲಿ ಒತ್ತಿ ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಹಾಕಿ, ಉಬ್ಬುವವರೆಗೆ ಹಿಡಿದುಕೊಳ್ಳಿ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಸದ್ದು ಹೊರಗೆ ನಿಂತರೆ ವಾಲ್ಯೂಮ್ ತಾನಾಗಿಯೇ ಇಳಿಸುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ದಿನಾ ಹೋಗಿ ಬರುವವರು ಅದನ್ನು ನೆನಪಿಡಬೇಕು.

ಇನ್ನು ವಾಲಿಯ ಮಾತು. ಅದಕ್ಕೆ ಯಾವ ಆಂಪೂ ಮದ್ದಲ್ಲ. ಆಂಪ್ ಹಾಕಿದರೆ ಚೆಂಡೆಯೂ ಅರ್ಥವೂ ಒಟ್ಟಿಗೇ ಏರುತ್ತವೆ. ಅವೆರಡರ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಮಾತು ಕೇಳಲಿ ಎಂದು ಏರಿಸಿದಿರಿ, ಅಷ್ಟರಲ್ಲಿ ಭಾಗವತರು ಪದ ಎತ್ತಿಕೊಂಡರು, ಚೆಂಡೆ ಬಿತ್ತು, ಕಿವಿ ಹೋಯಿತು. ಬಯಲಿನಲ್ಲಿ ನಾವು ಇದಕ್ಕೆ ಕಂಪ್ರೆಸರ್ ಇಡುತ್ತೇವೆ. ಜೋರಿನದ್ದನ್ನು ಅದು ಹಿಡಿದು ತಗ್ಗಿಸುತ್ತದೆ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಎತ್ತಬಹುದು. ನಿಮಗೆ ಯಂತ್ರ ಬೇಡ. ಕಂಪ್ಯೂಟರ್‌ನಲ್ಲಿ ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರಲ್ಲಿ ಕಂಪ್ರೆಸರ್ ಉಂಟು. ಬಸ್ಸಿಗೆಂದೇ ಒಂದು ಪ್ರತಿ ಮಾಡಿ, ಮನೆಯಲ್ಲಿ ಕೇಳಲು ಮೂಲವನ್ನು ಮುಟ್ಟಬೇಡಿ. ಕ್ಯಾಸೆಟ್‌ನದ್ದಕ್ಕೆ ಮಾತ್ರ ಹಗುರವಾಗಿ ಹಾಕಿ. ಮಾತು ಏರಿದಂತೆ ಕ್ಯಾಸೆಟ್‌ನ ‘ಸ್ಸ್ಸ್’ ಕೂಡ ಏರುತ್ತದೆ.

ಡಾಂಗಲ್ ಬದಲಿಗೆ ಮೊದಲು ಆ್ಯಪಲ್‌ನ ಟೈಪ್-ಸಿ ಡಾಂಗಲ್ ನೋಡಿ. ನೋಡಲು ಏನೂ ಇಲ್ಲ, ಒಂದು ತುಂಡು ವಯರ್. ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಹತ್ತಿರ, ಸದ್ದು ಬಹಳ ಕಡಿಮೆ. ಹೆಚ್ಚೆಂದರೆ 1 ವೋಲ್ಟ್ ಕೊಡುತ್ತದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಅರ್ಧಕ್ಕೇ ನಿಲ್ಲುತ್ತದೆ ಎಂಬ ದೂರು ಉಂಟು. ನಿಮಗೆ 3.5 ಮಿಲಿವೋಲ್ಟ್ ಸಾಕು ಎಂದ ಮೇಲೆ ಅರ್ಧಕ್ಕೆ ನಿಂತರೆ ಎಂತ ಆಯಿತು? ಇನ್ನೂ ಅನುಕೂಲ.

ಬಸ್ಸಿನಲ್ಲಿ ನಿಂತುಕೊಂಡು ಹೋಗುವುದಾದರೆ ಫೋನಿನಿಂದ ವಯರ್ ನೇತಾಡುವುದು ಕಿರಿಕಿರಿ. ಆಗ ಬ್ಲೂಟೂತ್ ಆಂಪ್ ಒಳ್ಳೆಯದು. ಫಿಯೋದವರ ಬಿಟಿಆರ್ ಸಾಲಿನದ್ದು ಇದೇ ಜಾತಿ. ಅಂಗಿ ಕಿಸೆಗೆ ಕ್ಲಿಪ್ ಹಾಕಿ, ಫೋನ್ ಚೀಲದಲ್ಲಿ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ವಿಧಾನ ಹಲವು. ಎಲ್‌ಡ್ಯಾಕ್ 990 ಕೆಬಿಪಿಎಸ್ ಎಂದೆಲ್ಲ ಜಾಹೀರಾತು ನೋಡಿ ಮರುಳಾಗಬೇಡಿ, ತಾಳಮದ್ದಳೆಗೆ ಎಎಸಿ ಎಂಬ ಮಾಮೂಲಿ ವಿಧಾನ ಸಾಕು. ಐಫೋನ್ ಆದರೆ ಎಲ್‌ಡ್ಯಾಕ್ ಸಿಗುವುದೂ ಇಲ್ಲ. ಲೋ ಗೇನ್ ಉಂಟಾ, ವಾಲ್ಯೂಮ್ ಸಣ್ಣ ಸಣ್ಣ ಮೆಟ್ಟಿಲಲ್ಲಿ ಇಳಿಯುತ್ತದಾ ಎಂದು ನೋಡಿ. ಅಂಗಡಿಗೆ ಹೋಗುವಾಗ ನಿಮ್ಮದೇ ಇಯರ್‌ಫೋನ್ ತಗೊಂಡು ಹೋಗಿ. ಅವರ ದೊಡ್ಡ ಹೆಡ್‌ಫೋನ್‌ನಲ್ಲಿ ಕೇಳಿದರೆ ‘ಸ್ಸ್ಸ್’ ಗೊತ್ತಾಗುವುದಿಲ್ಲ.

ಪವರ್ ನಿಜವಾಗಿ ಬೇಕಾಗುವ ಇನ್-ಇಯರ್ ಇಲ್ಲ ಎಂದಲ್ಲ. ಎಟಿಮೋಟಿಕ್‌ನ ಹಳೆ ಇಆರ್4ಎಸ್ 100 ಓಮ್‌ನದ್ದು. ಪ್ಲೇನಾರ್ ಎಂಬ ಇನ್ನೊಂದು ಜಾತಿಯ ಡ್ರೈವರ್‌ನವು ಕೆಲವು ಕರೆಂಟು ಕುಡಿಯುತ್ತವೆ. ನಿಮ್ಮದು ಆ ಜಾತಿ ಅಲ್ಲ.

ಬಾಸ್_ಬೊಬ್ಬೆ

ನನ್ನದು ಪ್ಲೇನಾರ್. ಅದಕ್ಕೇ ಹಾಗೆ ಹೇಳಿದ್ದು. 😄

ಮಲ್ಪೆ_ಗಾಳಿ

ಕರಾವಳಿಯಲ್ಲಿ ಇರುವವರಿಗೆ ಒಂದು ಮಾತು. ರಬ್ಬರ್ ಲೇಪನ ಇರುವ ಆಂಪ್ ತಗೊಳ್ಳಬೇಡಿ. ನಮ್ಮ ತೇವಕ್ಕೆ ಅದು ವರ್ಷಗಳು ಕಳೆದಂತೆ ಅಂಟಂಟಾಗಿ ಕೈಗೆ ಹತ್ತುತ್ತದೆ. ಲೋಹದ್ದು ಅಥವಾ ಸಾದಾ ಪ್ಲಾಸ್ಟಿಕ್‌ನದ್ದು ಒಳ್ಳೆಯದು. ಮಳೆಗಾಲದಲ್ಲಿ ಗಟ್ಟಿ ಮುಚ್ಚಳದ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ ಇಯರ್‌ಫೋನ್, ಡಾಂಗಲ್ ಒಟ್ಟಿಗೆ ಇಡಿ. ಬೆವರು, ಉಪ್ಪು ಗಾಳಿಗೆ ಪ್ಲಗ್ ಹಸಿರಾಗಿ ಕರಕರ ಎನ್ನಲು ಶುರು ಮಾಡಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಬ್ಲೂಟೂತ್ ಆಂಪ್ ಆದರೆ ಬ್ಯಾಟರಿ ಖಾಲಿ ಮಾಡಿ ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಬಿಡಬೇಡಿ. ಅರ್ಧ ಚಾರ್ಜ್ ಇರಲಿ.

ಸೆಕೆಂಡ್‌ಹ್ಯಾಂಡ್ ಎಂದಿರಲ್ಲ, ಇಯರ್‌ಫೋನ್‌ನಲ್ಲಿ ಟಿಪ್ಸ್ ಸಿಕ್ಕಿಸುವ ಕೊಳವೆಯ ಬಾಯಲ್ಲಿರುವ ಜಾಲರಿ ನೋಡಿದಿರಾ? ಮೇಣ ಕಟ್ಟಿದ್ದರೂ ದನಿ ತಗ್ಗುತ್ತದೆ.

ಕಾಪು_ಎಕ್ಸ್‌ಪ್ರೆಸ್

ಈಗ ಟಾರ್ಚ್ ಹಾಕಿ ನೋಡಿದೆ. ಎಡಗಡೆಯದ್ದು ಅರ್ಧ ಮುಚ್ಚಿದೆ. ಮೊದಲು ಅದು, ಆಮೇಲೆ ಫೋಮ್ ಟಿಪ್ಸ್, ಆಮೇಲೆ ಆ ತುಂಡು ವಯರ್. ಫೋಮ್ ಟಿಪ್ಸ್ ತರಿಸುವಾಗ ಅಳತೆ ಹೇಗೆ ಹೇಳುವುದು?

ಮಲ್ಪೆ_ಗಾಳಿ

ಟಿಪ್ಸ್ ತೆಗೆದು ಕೊಳವೆಯ ದಪ್ಪವನ್ನು ಎಂಎಂನಲ್ಲಿ ಅಳೆಯಿರಿ. ಟಿಪ್ಸ್ ಮಾರುವವರು ಒಳಗಿನ ತೂತಿನ ಅಳತೆ ಹಾಕಿರುತ್ತಾರೆ, ಅದಕ್ಕೆ ಹೊಂದಿಸಿ. ಕಿವಿಯ ಅಳತೆಗೆ ಮೂರೂ ಸೈಜ್ ಒಟ್ಟಿಗೆ ಬರುವ ಪ್ಯಾಕ್ ತಗೊಳ್ಳಿ. ಜಾಲರಿಯನ್ನು ಸೂಜಿಯಿಂದ ಚುಚ್ಚಬೇಡಿ. ಬಾಯಿ ಕೆಳಗೆ ಮಾಡಿ ಹಿಡಿದು ಒಣ ಬ್ರಷ್‌ನಿಂದ ಮೆಲ್ಲ ಉಜ್ಜಿ.