ಮಗನನ್ನು ಕ್ಲಬ್ಬಿನ ಅಕಾಡೆಮಿಗೆ ಸೇರಿಸುವ ಮುನ್ನ ಏನನ್ನು ನೋಡಬೇಕು? ತಿಳಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ: ದಾವಣಗೆರೆಯ ಒಬ್ಬ ತಾಯಿ

ನನ್ನ ಮಗನಿಗೆ ಬರುವ ತಿಂಗಳು ಹದಿಮೂರು ತುಂಬುತ್ತದೆ. ಎಡಗಾಲಿನ ಆಟಗಾರನಾದ ಅವನು ಶಾಲೆಯ ಫುಟ್‌ಬಾಲ್ ತಂಡದಲ್ಲಿ ಎಡ ಅಂಚಿನಲ್ಲಿ ಆಡುತ್ತಾನೆ. ಬೇಸಿಗೆ ರಜೆಯಲ್ಲಿ ಒಂದು ಕ್ಲಬ್ಬಿನವರು ನಡೆಸಿದ ಟ್ರಯಲ್ಸ್‌ನಲ್ಲಿ ಆಯ್ಕೆಯಾಗಿದ್ದಾನೆ. ಹಾಸ್ಟೆಲಿನಲ್ಲಿದ್ದುಕೊಂಡು ತಮ್ಮ ಅಕಾಡೆಮಿಯಲ್ಲಿ ತರಬೇತಿ ಪಡೆಯಲಿ ಎಂದು ಅವರು ಹೇಳುತ್ತಿದ್ದಾರೆ. ನೋಡಿಕೊಂಡು ಬರಲು ಹೋದಾಗ ಕಚೇರಿಯ ಗಾಜಿನ ಕಪಾಟಿನ ತುಂಬ ಟ್ರೋಫಿಗಳಿದ್ದವು. ‘ನಮ್ಮಲ್ಲಿ ಬೆಳೆದ ಹುಡುಗರು ದೇಶದ ದೊಡ್ಡ ಲೀಗಾದ ಐಎಸ್‌ಎಲ್‌ನಲ್ಲಿ ಆಡುತ್ತಿದ್ದಾರೆ’ ಎಂದು ಅಲ್ಲಿನವರು ಹೇಳಿದಾಗ, ಯಾರು, ಎಷ್ಟು ವರ್ಷ ಇಲ್ಲಿದ್ದರು ಎಂದು ಕೇಳಬೇಕೆಂಬುದು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟ ತಿಳಿದವರಿಲ್ಲ. ಒಂದು ಕ್ಲಬ್ ತನ್ನ ಎಳೆಯ ಆಟಗಾರರನ್ನು ನಿಜವಾಗಿ ಬೆಳೆಸುತ್ತದೆಯೇ ಅಥವಾ ಸೇರಿಸಿಕೊಂಡು ಸುಮ್ಮನಾಗುತ್ತದೆಯೇ ಎಂಬುದನ್ನು ಹೊರಗಿನವರು ತಿಳಿಯುವುದು ಹೇಗೆ? ನಮಗೆ ಹೆಸರಾದರೂ ಗೊತ್ತಿರುವ ಬೆಂಗಳೂರು ಎಫ್‌ಸಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸಿದರೆ ಅರ್ಥವಾದೀತು.

ಉತ್ತರ: ಕಂಠೀರವ ಕ್ರೀಡಾಂಗಣದ ಖಾಯಂ ಪ್ರೇಕ್ಷಕ, ಬೆಂಗಳೂರು

ಮೇಡಂ, ‘ನಮ್ಮಲ್ಲಿ ಬೆಳೆದವರು’ ಎಂಬ ಆ ಮಾತನ್ನೇ ಮೊದಲು ಹಿಡಿದುಕೊಳ್ಳಿ. ಹದಿನೆಂಟಕ್ಕೆ ಬಂದವನನ್ನೂ ಎಂಟಕ್ಕೆ ಬಂದವನನ್ನೂ ಆ ಒಂದೇ ಮಾತಿನೊಳಗೆ ಸೇರಿಸಿಬಿಡಬಹುದು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಇದಕ್ಕೊಂದು ಅಳತೆಯನ್ನು ಇಟ್ಟುಕೊಂಡಿದೆ: 15ರಿಂದ 21ರ ವಯಸ್ಸಿನ ನಡುವೆ ಕನಿಷ್ಠ ಮೂರು ಸೀಸನ್ ಅಥವಾ 36 ತಿಂಗಳು ಆ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದವನನ್ನು ಮಾತ್ರ ಅದು ಕ್ಲಬ್ಬಿನಲ್ಲಿ ತಯಾರಾದವನೆಂದು ಒಪ್ಪುತ್ತದೆ. ಭಾರತದ ಕ್ಲಬ್ಬುಗಳು ಈ ಅಳತೆಗೆ ಬದ್ಧವಲ್ಲವಾದರೂ ಅದನ್ನು ನಾವು ಜೇಬಿನಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಬೆಂಗಳೂರು ಎಫ್‌ಸಿಯ ನಾಲ್ಕು ಹೆಸರುಗಳನ್ನು ನೋಡೋಣ. ಸುರೇಶ್ ಸಿಂಗ್ ವಾಂಗ್ಜಮ್ 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿ, ಎಳೆಯ ಆಟಗಾರರಿಗೆಂದೇ ಇದ್ದ ಇಂಡಿಯನ್ ಆರೋಸ್ ತಂಡದಲ್ಲಿದ್ದು, 2019ರಲ್ಲಿ ಇಲ್ಲಿಗೆ ಬಂದವರು. ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಅವರ ಅಡಿಪಾಯ ಬಿದ್ದದ್ದು ರಾಮನ್ ವಿಜಯನ್ ಅವರ ಫುಟ್‌ಬಾಲ್ ಶಾಲೆಯಲ್ಲಿ. ಇಲ್ಲಿಗೆ ಬಂದ ಮೇಲೆ ಅವರು 2022ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿಯ ವಿರುದ್ಧ ಮೊದಲ ಗೋಲು ಹೊಡೆದರು, 2022-23ರ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಎನಿಸಿಕೊಂಡರು. ಅದರ ಹಿಂದಿನ ಸೀಸನ್‌ನಲ್ಲಿ ಅದೇ ಪ್ರಶಸ್ತಿ ಪಡೆದ ಮಣಿಪುರದ ರೋಷನ್ ಸಿಂಗ್ ಮೀಸಲು ತಂಡದಲ್ಲಿ ಆಡಿ ಮೇಲೆ ಬಂದವರು. ಇನ್ನು ವಿನೀತ್ ವೆಂಕಟೇಶ್ ಕ್ಲಬ್ಬಿನ ಎಳೆಯರ ತಂಡಗಳ ಮೂಲಕವೇ ಬಂದವರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲನ್ನು ಅವರು ಹೊಡೆದಾಗ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಇವ್ನು ನಮ್ ಹುಡ್ಗ’ ಎಂದು ಗುರುತಿಲ್ಲದವರ ಹೆಗಲನ್ನೆಲ್ಲ ಹಿಡಿದು ಅಲುಗಾಡಿಸಿದರು. ಶಿವಶಕ್ತಿಯವರ ಗೋಲಿಗೆ ಅವರು ಚಪ್ಪಾಳೆ ತಟ್ಟುತ್ತಿದ್ದರು, ಅಷ್ಟೇ. ವ್ಯತ್ಯಾಸವು ಅವರಿಗೆ ಗೊತ್ತಿತ್ತು.

ನನ್ನ ತೀರ್ಮಾನವಿಷ್ಟು. ಹದಿನೆಂಟು, ಹತ್ತೊಂಬತ್ತರ ಹುಡುಗನನ್ನು ಆರಿಸಿ, ತಿದ್ದಿ, ಹೆದರದೆ ಮೊದಲ ತಂಡಕ್ಕೆ ಇಳಿಸುವುದರಲ್ಲಿ ಈ ಕ್ಲಬ್ ದೇಶದ ಒಳ್ಳೆಯ ಕ್ಲಬ್ಬುಗಳಲ್ಲೊಂದು. ಹನ್ನೆರಡರಿಂದ ಬೆಳೆಸುವುದರಲ್ಲಿ ಹೇಗೆ ಎಂಬುದಕ್ಕೆ ಸಾಕ್ಷ್ಯ ಈಗಷ್ಟೇ ಬರತೊಡಗಿದೆ, ಏಕೆಂದರೆ ಕ್ಲಬ್ ಹುಟ್ಟಿದ್ದೇ 2013ರಲ್ಲಿ, ಮತ್ತು ತೋರಣಗಲ್ಲಿನ ಬಳಿ ಕ್ಲಬ್ಬಿನ ಮಾಲೀಕರಾದ ಜೆಎಸ್‌ಡಬ್ಲ್ಯು ಕಟ್ಟಿದ, ಅಕಾಡೆಮಿಯ ಹುಡುಗರು ಉಳಿದು ಕಲಿಯುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆದದ್ದು 2018ರಲ್ಲಿ. ಆ ವರ್ಷ ಹನ್ನೆರಡರಲ್ಲಿದ್ದವನಿಗೆ ಇಪ್ಪತ್ತಾಗಲು ಎಂಟು ವರ್ಷ ಬೇಕಲ್ಲವೇ.

ಟ್ರೋಫಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಕ್ಲಬ್ಬುಗಳ ಎಳೆಯರ ತಂಡಗಳು ಆಡುವ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಎರಡು ಆವೃತ್ತಿಗಳನ್ನು, 2022 ಮತ್ತು 2023ರಲ್ಲಿ, ಬೆಂಗಳೂರು ಎಫ್‌ಸಿಯೇ ಗೆದ್ದಿತು. ಸಂತೋಷವೇ. ಆದರೆ 2022ರಲ್ಲಿ ಗೋವಾದಲ್ಲಿ ಇದ್ದದ್ದು 8 ತಂಡಗಳು, ಅಂದರೆ ತಂಡವೊಂದಕ್ಕೆ 7 ಪಂದ್ಯ. ಏಳು ಪಂದ್ಯಗಳ ಕಪ್‌ನಿಂದ ಆಯ್ಕೆ ಚೆನ್ನಾಗಿತ್ತೆಂದು ತಿಳಿಯುತ್ತದೆಯೇ ಹೊರತು ಆ ಹುಡುಗರು ಮುಂದೆ ಏನಾದರೆಂಬುದು ತಿಳಿಯುವುದಿಲ್ಲ. ಮೊದಲ ತಂಡದಲ್ಲಿ 2024-25ರ ಸೀಸನ್‌ನಲ್ಲಿ 14 ಗೋಲು ಹೊಡೆದವರು ನಲವತ್ತು ದಾಟಿದ ಸುನಿಲ್ ಛೆಟ್ರಿ. ಅವರ ಅಭಿಮಾನಿಯಾಗಿ ನನಗೆ ಹೆಮ್ಮೆಯಾಯಿತು. ಆದರೆ ಮುಂಚೂಣಿಯ ಸ್ಥಾನಕ್ಕೆ ಕಾಯುತ್ತಿರುವ ಹದಿನೆಂಟರ ಹುಡುಗನ ತಾಯಿಗೆ ಅದು ಬೇರೆಯೇ ಸುದ್ದಿಯಾಗಿ ಕೇಳಿಸಿರಬೇಕು.

ಉತ್ತರ: ಹದಿನೇಳಕ್ಕೆ ಹೊರಬಂದವನು, ಹುಬ್ಬಳ್ಳಿ

ಅಕ್ಕಾ, ಮೇಲಿನವರು ಮೊದಲ ತಂಡ ಮುಟ್ಟಿದವರ ಬಗ್ಗೆ ಬರೆದಿದ್ದಾರೆ. ನಾನು ಮುಟ್ಟದವನು, ಕ್ಲಬ್ಬಿನ ಹೆಸರು ಬೇಡ. ಹದಿಮೂರಕ್ಕೆ ಸೇರಿದಾಗ ನಾವು ಇಪ್ಪತ್ತಾರು ಮಂದಿ ಇದ್ದೆವು. ನಾಲ್ಕು ವರ್ಷಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಊಟದ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಉಳಿಯುವವರ ಹೆಸರುಗಳು ಮಾತ್ರ ಅದರಲ್ಲಿದ್ದವು, ಹೋಗುವವರ ಹೆಸರುಗಳಿರಲಿಲ್ಲ. ಆದ್ದರಿಂದ ನನ್ನ ಹೆಸರನ್ನು ಹುಡುಕುತ್ತ ಮೇಲಿನಿಂದ ಕೆಳಗೆ ಮೂರು ಸಲ ಓದಿದೆ. ಉಪ್ಪಿಟ್ಟು ಆರುತ್ತಿತ್ತು, ಯಾರೂ ತಟ್ಟೆ ಮುಟ್ಟಲಿಲ್ಲ. ಕೋಚ್ ಅಂದು ರಜೆಯಲ್ಲಿದ್ದರು.

ಹೊರಬಿದ್ದದ್ದಕ್ಕೆ ನನಗೆ ಈಗ ಬೇಸರವಿಲ್ಲ, ಎಲ್ಲರೂ ಆಟಗಾರರಾಗಲು ಸಾಧ್ಯವಿಲ್ಲ. ಬೇಸರವಿರುವುದು ಆ ನಾಲ್ಕು ವರ್ಷಗಳಲ್ಲಿ ನಾನು ಆಡಿದ ಪಂದ್ಯಗಳ ಲೆಕ್ಕದ ಮೇಲೆ. ಅಪ್ಪ ಕೊಟ್ಟ ಡೈರಿಯಲ್ಲಿ ಪ್ರತಿ ಪಂದ್ಯದ ನಿಮಿಷಗಳನ್ನು ಬರೆದಿಡುತ್ತಿದ್ದೆ. ಕೊನೆಯ ವರ್ಷ ಅಧಿಕೃತ ಪಂದ್ಯಗಳಲ್ಲಿ ಸಿಕ್ಕಿದ್ದು 214 ನಿಮಿಷ. ಮೂರು ಪಂದ್ಯಗಳಿಗೂ ಕಡಿಮೆ. ಉಳಿದ ದಿನಗಳೆಲ್ಲ ಕೋನ್ ಸುತ್ತಿ ಓಡುವುದು, ತಮ್ಮ ತಮ್ಮಲ್ಲೇ ಆಡುವುದು, ವಾರಕ್ಕೊಮ್ಮೆ ತೂಕ ನೋಡುವುದು. ತಪ್ಪು ಮಾಡಿ, ಸೋತು, ಮುಂದಿನ ವಾರ ಅದನ್ನು ತಿದ್ದಿಕೊಳ್ಳಲು ಮುಂದಿನ ವಾರ ಪಂದ್ಯವೇ ಇರುತ್ತಿರಲಿಲ್ಲ. ಹಾಗಾಗಿ ತಾವು ಕೇಳಬೇಕಾದ ಮೊದಲ ಪ್ರಶ್ನೆ ಟ್ರೋಫಿಯದಲ್ಲ: ಕಳೆದ ಸೀಸನ್‌ನಲ್ಲಿ ನಿಮ್ಮ 13 ವರ್ಷದೊಳಗಿನ ಮತ್ತು 15 ವರ್ಷದೊಳಗಿನ ತಂಡಗಳು ಒಟ್ಟು ಎಷ್ಟು ಪಂದ್ಯ ಆಡಿದವು, ತಂಡದಲ್ಲಿ ಅತಿ ಕಡಿಮೆ ಆಡಿದ ಹುಡುಗನಿಗೆ ಎಷ್ಟು ನಿಮಿಷ ಸಿಕ್ಕಿತು? ಅತಿ ಹೆಚ್ಚು ಆಡಿದವನ ಲೆಕ್ಕವನ್ನು ಯಾರು ಬೇಕಾದರೂ ಥಟ್ಟನೆ ಹೇಳುತ್ತಾರೆ.

ಇನ್ನೊಂದು ವಿಷಯ, ಇದು ಕಾಗದಪತ್ರದ್ದು. ನಾನು ಬೇರೆ ಕ್ಲಬ್ಬಿಗೆ ಹೋಗಲು ಎನ್‌ಒಸಿ, ಅಂದರೆ ಹಳೆಯ ಕ್ಲಬ್ಬಿನ ಒಪ್ಪಿಗೆ ಪತ್ರ, ಕೇಳಿದಾಗ, ತರಬೇತಿಗೆ ಖರ್ಚಾದ ಹಣವನ್ನು ಮನೆಯವರು ಕಟ್ಟಿದರೆ ಕೊಡುತ್ತೇವೆ ಎಂದರು. ಅಪ್ಪ ಹೆದರಿ ಸುಮ್ಮನಾದರು, ನನ್ನ ಒಂದು ವರ್ಷ ಹೋಯಿತು. ಫಿಫಾ ನಿಯಮದಲ್ಲಿ ತರಬೇತಿ ಪರಿಹಾರ ಎಂಬುದು ಇರುವುದು ನಿಜ. ಆದರೆ ಅದು ಆಟಗಾರ ಮೊದಲ ಸಲ ವೃತ್ತಿಪರನಾಗಿ ಸಹಿ ಮಾಡಿದಾಗ, ಅಥವಾ 23 ತುಂಬುವ ಕ್ಯಾಲೆಂಡರ್ ವರ್ಷದೊಳಗೆ ವೃತ್ತಿಪರನಾಗಿ ಕ್ಲಬ್ ಬದಲಿಸಿದಾಗ, ಹೊಸ ಕ್ಲಬ್ ಹಳೆಯ ಕ್ಲಬ್ಬುಗಳಿಗೆ ಕೊಡುವ ಹಣ. ಅದು ತಂದೆಯ ಜೇಬಿನಿಂದ ಬರುವ ಹಣವಲ್ಲ. ಸಹಿ ಹಾಕುವ ಮುನ್ನ ಕರಾರಿನಲ್ಲಿ ಹೊರಹೋಗುವ ಷರತ್ತನ್ನು ಓದಿ, ತಿಳಿದ ವಕೀಲರೊಬ್ಬರಿಂದ ಓದಿಸಿ, ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಉತ್ತರ: ಆಮ್ಸ್ಟಲ್‌ವೇನ್‌ನಲ್ಲಿರುವ ಶಿವಮೊಗ್ಗದವಳು, ನೆದರ್‌ಲೆಂಡ್ಸ್

ನಮ್ಮ ಮನೆಯಿಂದ ಆಮ್ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ಬಿನ ಎಳೆಯರ ಮೈದಾನಗಳು ಹೆಚ್ಚು ದೂರವಿಲ್ಲ. ಆ ಜಾಗದ ಡಚ್ ಹೆಸರಿನ ಅರ್ಥ ‘ಭವಿಷ್ಯ’ ಎಂದು. ಅಲ್ಲಿಯೂ ‘ನಮ್ಮವನು’ ಎಂಬ ಮಾತಿನ ಗೊಂದಲ ತಪ್ಪಿದ್ದಲ್ಲ. 2019ರಲ್ಲಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ವರೆಗೆ ಹೋದ ತಂಡದ ನಾಯಕ ಮಥೈಸ್ ಡಿ ಲಿಕ್ಟ್‌ಗೆ ಆಗ ವಯಸ್ಸು 19, ಕ್ಲಬ್ಬಿಗೆ ಬಂದಾಗ 9. ಅದೇ ತಂಡದ ಫ್ರೆಂಕಿ ಡಿ ಯಾಂಗ್ ಬಂದದ್ದು ಹದಿಹರೆಯದ ಕೊನೆಯಲ್ಲಿ, ವಿಲ್ಲೆಮ್ ಎರಡು ಎಂಬ ಕ್ಲಬ್ಬಿನಿಂದ. ಜಗತ್ತಿನ ಪತ್ರಿಕೆಗಳು ಇಬ್ಬರನ್ನೂ ಒಂದೇ ಅಕಾಡೆಮಿಯ ಫಲವೆಂದು ಬರೆದವು.

ನನಗೆ ಹೆಚ್ಚು ಮುಖ್ಯವೆಂದು ತೋರುವುದು ಹುಬ್ಬಳ್ಳಿಯ ಸಹೋದರರು ಹೇಳಿದ ಪಂದ್ಯಗಳ ಲೆಕ್ಕ. ಅಯಾಕ್ಸ್‌ನ ಎರಡನೆಯ ತಂಡವಾದ ಯಾಂಗ್ ಅಯಾಕ್ಸ್ 2013ರಿಂದ ಡಚ್ ಎರಡನೆಯ ದರ್ಜೆಯ ವೃತ್ತಿಪರ ಲೀಗಿನಲ್ಲೇ ಆಡುತ್ತಿದೆ. 20 ತಂಡಗಳ ಲೀಗಾದರೆ ಸೀಸನ್‌ಗೆ 38 ಪಂದ್ಯ. ಹದಿನೆಂಟರ ಹುಡುಗ ಶುಕ್ರವಾರದ ಮಳೆಯಲ್ಲಿ ಮೂವತ್ತೆರಡರ ಡಿಫೆಂಡರನಿಗೆ ಢಿಕ್ಕಿ ಹೊಡೆದು ಬಿದ್ದು ಕಲಿಯುತ್ತಾನೆ. ಏಳು ಪಂದ್ಯವೆಲ್ಲಿ, ಮೂವತ್ತೆಂಟೆಲ್ಲಿ. ಬೆಂಗಳೂರಿನ ಕ್ಲಬ್ ತನ್ನ ಹುಡುಗರನ್ನು ನಗರದ ಸೂಪರ್ ಡಿವಿಷನ್ ಲೀಗಿನಲ್ಲಿ ಆಡಿಸುವುದನ್ನು ನಾನು ಈ ಕಾರಣಕ್ಕೆ ಮೆಚ್ಚುತ್ತೇನೆ, ನೋಡುವವರು ಕಡಿಮೆಯಿದ್ದರೂ ಎದುರಿಗಿರುವವರು ಬೆಳೆದ ಗಂಡಸರು.

ಇಲ್ಲಿಯೂ ಹುಡುಗರನ್ನು ವರ್ಷ ವರ್ಷ ಕೈಬಿಡುತ್ತಾರೆ, ಅದರಲ್ಲಿ ಕರುಣೆಯೇನೂ ಕಾಣಿಸುವುದಿಲ್ಲ. ನನ್ನ ಮಗನ ಗೆಳೆಯನೊಬ್ಬನನ್ನು ಒಂದು ದೊಡ್ಡ ಕ್ಲಬ್ ಹನ್ನೊಂದರ ವಯಸ್ಸಿನಲ್ಲಿ ಬಿಟ್ಟಿತು. ಬುಧವಾರ ತಿಳಿಯಿತು, ಶನಿವಾರ ಅವನು ನಮ್ಮ ಬಡಾವಣೆಯ ಹಳೆಯ ಕ್ಲಬ್ಬಿನ ಮೈದಾನದಲ್ಲಿದ್ದ, ತರಬೇತುದಾರರು ಅವನ ಏಳನೆಯ ನಂಬರಿನ ಜೆರ್ಸಿಯನ್ನು ಬೇರೆಯವರಿಗೆ ಕೊಡದೆ ಇಟ್ಟಿದ್ದರು. ಕೆಳಗೆ ಬಿದ್ದವನನ್ನು ಹಿಡಿಯಲು ಇಂಥದೊಂದು ಬಲೆ ದಾವಣಗೆರೆಯಲ್ಲಿ ನಿಮ್ಮ ಮಗನಿಗೆ ಇದೆಯೇ ಎಂಬುದನ್ನು ಹೊರಡುವ ಮುಂಚೆಯೇ ಯೋಚಿಸಿ: ಅವನು ಬಿಟ್ಟುಬರುವ ಶಾಲೆ, ಅಲ್ಲಿನ ಪಿ.ಇ. ಮಾಸ್ತರರು, ಗೆಳೆಯರ ತಂಡ.

ಉತ್ತರ: ಎಳೆಯರ ತಂಡಗಳ ಕೋಚ್, ಬೆಂಗಳೂರು ಪೂರ್ವ

ಶಿವಮೊಗ್ಗದ ಅಕ್ಕನವರ ಮಾತಿಗೆ ಒಂದು ಸೇರಿಕೆ. ನಮ್ಮಲ್ಲೂ ಬಲೆ ಇಲ್ಲವೆಂದಲ್ಲ, ತೂತುಗಳು ದೊಡ್ಡವು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯಕ್ಕೆ ತಂದವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನ ಸ್ಥಳೀಯ ಲೀಗಿನಲ್ಲಿ ಆಡಿ ಗಟ್ಟಿಯಾದವರೇ. ದೊಡ್ಡ ಕ್ಲಬ್ಬಿನ ಅಕಾಡೆಮಿಯೊಂದೇ ದಾರಿಯೆಂದು ತಿಳಿಯಬೇಡಿ.

ಮೇಡಂ, ಸಾಧ್ಯವಾದರೆ ಹೇಳದೆ ಕೇಳದೆ ಒಂದು ಮಂಗಳವಾರ ಸಂಜೆ ಹೋಗಿ ಬೇಲಿಯ ಹೊರಗೆ ನಿಂತು ತರಬೇತಿಯನ್ನು ನೋಡಿ. ಒಬ್ಬ ಹುಡುಗ ಚೆಂಡು ಕಳೆದುಕೊಂಡಾಗ ಕೋಚ್ ಏನು ಮಾಡುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ‘ಪಾಸ್ ಮಾಡೋ’ ಎಂದು ಅಂಚಿನಿಂದ ಕೂಗುವವರು ಬಹಳ. ಆಟ ನಿಲ್ಲಿಸಿ, ಹುಡುಗನನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಚೆಂಡು ಬರುವ ಮೊದಲು ನೀನು ಎತ್ತ ನೋಡಿದ್ದೆ ಎಂದು ಕೇಳುವವರು ಕಡಿಮೆ. ಎಡಗಾಲಿನ ನಿಮ್ಮ ಮಗನಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಎಡಗಾಲಿನವರು ಸಿಗುವುದೇ ಅಪರೂಪವೆಂದು ಅವನನ್ನು ಏಳೆಂಟು ವರ್ಷ ಅದೇ ಎಡ ಗೆರೆಗೆ ಕಟ್ಟಿಹಾಕಿ, ನಡುವಿನ ಆಟವನ್ನು ಕಲಿಸದೆ ಬಿಡುವ ಕೋಚ್‌ಗಳನ್ನು ನಾನು ಕಂಡಿದ್ದೇನೆ. ಮೊದಲ ಐದು ವರ್ಷ ನಾನೂ ಅಂಥವನೇ ಆಗಿದ್ದೆ.

ಅವನು ಹುಟ್ಟಿದ ತಿಂಗಳು ಯಾವುದು? ವಯೋಗುಂಪುಗಳ ಗೆರೆ ಜನವರಿ 1ಕ್ಕೆ ಬೀಳುವುದರಿಂದ ಜನವರಿಯ ಹುಡುಗನೂ ಡಿಸೆಂಬರಿನ ಹುಡುಗನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಹದಿಮೂರರಲ್ಲಿ ಆ ಹನ್ನೊಂದು ತಿಂಗಳು ಅಂದರೆ ಅರ್ಧ ಗೇಣು ಎತ್ತರ. ಗೆಲುವಿನ ಆತುರದ ಕ್ಲಬ್ಬುಗಳು ಬೇಗ ಬೆಳೆದವರನ್ನೇ ತುಂಬಿಕೊಳ್ಳುತ್ತವೆ. 13 ವರ್ಷದೊಳಗಿನವರು ಸಾಲಾಗಿ ನಿಂತಾಗ ಮೀಸೆ ಚಿಗುರಿದವರೇ ಕಂಡರೆ, ಗಿಡ್ಡಗಿರುವ ಹುಡುಗನೊಬ್ಬನೂ ಕಾಣದಿದ್ದರೆ, ಆ ಕಪಾಟಿನ ಟ್ರೋಫಿಗಳು ಎಲ್ಲಿಂದ ಬಂದವೆಂದು ಊಹಿಸಬಹುದು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಕೇಂದ್ರೀಯ ನೋಂದಣಿಯಲ್ಲಿ ಮಗನ ಜನ್ಮದಿನಾಂಕವನ್ನು ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ನಮೂದಿಸುತ್ತಾರೆಯೇ ಎಂದೂ ಗಮನಿಸಿ. ‘ಒಂದು ವರ್ಷ ಕಡಿಮೆ ಮಾಡೋಣ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಹೊರಟುಬನ್ನಿ. ಓದಿನ ವ್ಯವಸ್ಥೆಯನ್ನು ತಾವೇ ಕೇಳುತ್ತೀರಿ, ಅದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದ ತಾಯಿ, ಎರಡು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಮಗ ಹುಟ್ಟಿದ್ದು ನವೆಂಬರಿನಲ್ಲಿ ಎಂದು ಕೋಚ್ ಸರ್‌ಗೆ ತಿಳಿಸುತ್ತೇನೆ. ಕಳೆದ ಮಂಗಳವಾರ ಹೋಗಿದ್ದೆ. ಬೇಲಿಯ ಹೊರಗೆ ಒಂದೂವರೆ ಗಂಟೆ ನಿಂತೆ. ಆಟ ನಿಲ್ಲಿಸಿ ಕೇಳುವ ಕೋಚ್ ಒಬ್ಬರಿದ್ದಾರೆ, ಆದರೆ ಅವರು 17 ವರ್ಷದೊಳಗಿನವರಿಗೆ. ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚಿನ ಹೊತ್ತು ಫೋನಿನಲ್ಲಿದ್ದರು. ಕಚೇರಿಯಲ್ಲಿ ಪಂದ್ಯಗಳ ಲೆಕ್ಕ ಕೇಳಿದಾಗ 13 ವರ್ಷದೊಳಗಿನವರು ಕಳೆದ ವರ್ಷ 11 ಪಂದ್ಯ ಆಡಿದರೆಂದು ಹೇಳಿದರು. ಅತಿ ಕಡಿಮೆ ಆಡಿದವನ ನಿಮಿಷಗಳನ್ನು ಬರೆದಿಟ್ಟಿಲ್ಲವಂತೆ.

ಆರು ವರ್ಷಗಳ ಹಿಂದೆ ಸೇರಿದ್ದವರು ಈಗ ಎಲ್ಲಿದ್ದಾರೆ ಎಂಬುದಕ್ಕೆ ಕಚೇರಿಯಲ್ಲಿ ಉತ್ತರ ಸಿಗಲಿಲ್ಲ. ಅದನ್ನು ಹೇಳಿದವರು ಹಾಸ್ಟೆಲಿನ ವಾರ್ಡನ್. ಇಪ್ಪತ್ತೆರಡು ಮಂದಿಯಲ್ಲಿ ಹದಿನಾಲ್ಕು ಮಂದಿಯ ಹೆಸರನ್ನು ಬೆರಳು ಮಡಚುತ್ತ ನೆನಪಿಸಿಕೊಂಡರು: ಒಬ್ಬ ಐಎಸ್‌ಎಲ್‌ನ ಕೆಳಗಿನ ದರ್ಜೆಯ ಐ-ಲೀಗ್ ತಂಡದಲ್ಲಿದ್ದಾನೆ, ಇಬ್ಬರು ಬೆಂಗಳೂರಿನ ಲೀಗಿನಲ್ಲಿ ಆಡುತ್ತಾರೆ, ಒಬ್ಬ ರೈಲ್ವೆಯಲ್ಲಿ, ಮೂವರು ಡಿಗ್ರಿ ಓದುತ್ತಿದ್ದಾರೆ, ಒಬ್ಬನ ಅಕ್ಕನ ಮದುವೆಗೆ ತಾವೂ ಹೋಗಿದ್ದರಂತೆ. ಅವರಲ್ಲಿ ಇಬ್ಬರ ತಾಯಂದಿರನ್ನು ವಾರ್ಡನ್ ಅವರೇ ವಿಚಾರಿಸಿ, ಒಪ್ಪಿಗೆ ಪಡೆದು ನನ್ನೊಂದಿಗೆ ಮಾತನಾಡಿಸಿದರು. ಒಬ್ಬರು ಕಳಿಸಿ ಎಂದರು, ಇನ್ನೊಬ್ಬರು ಎಸ್‌ಎಸ್‌ಎಲ್‌ಸಿ ಮುಗಿಯಲಿ ಎಂದರು. ಮಗ ಈ ವರ್ಷ ಇಲ್ಲೇ ಎಂಟನೆಯ ತರಗತಿ ಓದುತ್ತಾನೆ. ಶನಿವಾರ ಮತ್ತು ಭಾನುವಾರ ಪಿ.ಇ. ಮಾಸ್ತರರು ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಹುಡುಗರ ಜೊತೆ ಆಡಿಸಲು ಒಪ್ಪಿದ್ದಾರೆ. ನಿನ್ನೆಯಿಂದ ಅವನೂ ಒಂದು ಡೈರಿ ಇಟ್ಟಿದ್ದಾನೆ. ಮೊದಲ ಪುಟದಲ್ಲಿ 50 ನಿಮಿಷ ಎಂದು ಬರೆದು, ಕೆಳಗೆ ‘ನಡುವೆ ಆಡಿದೆ’ ಎಂದು ಎರಡು ಗೆರೆ ಎಳೆದಿದ್ದಾನೆ.